ಯೂನಿವರ್ಸಿಟಿ ಹತ್ತಿರ ಮೊದಲ ಕಟ್ಟಡ: ಧಾರವಾಡದಲ್ಲಿ ಜಾಗ ನೋಡುವುದರಿಂದ ಕೀಲಿ ಕೊಡುವವರೆಗೆ

ಧಾರವಾಡದಲ್ಲಿ ಎರಡು-ಮೂರು ಗುಂಟೆ ಜಾಗ ಇದ್ದವರೆಲ್ಲ ಓದುವ ಹುಡುಗರಿಗೆ ಬಾಡಿಗೆ ರೂಮು ಕಟ್ಟಿದರೆ ಹೇಗೆ ಎಂದು ಒಂದಲ್ಲ ಒಂದು ದಿನ ಈ ಲೆಕ್ಕ ಹಾಕಿಯೇ ಇರುತ್ತಾರೆ. ಇಷ್ಟು ರೂಮು, ರೂಮಿಗೆ ಇಬ್ಬರು ಹುಡುಗರು, ತಲೆಗೆ ಇಷ್ಟು ಬಾಡಿಗೆ, ಗುಣಿಸು ಹನ್ನೆರಡು. ಉತ್ತರ ನೋಡಿದ ರಾತ್ರಿ ನಿದ್ದೆ ಬರುವುದಿಲ್ಲ. ನನಗೂ ಬಂದಿರಲಿಲ್ಲ. ಆ 'ಗುಣಿಸು ಹನ್ನೆರಡು' ಎಂಬಲ್ಲೇ ತಪ್ಪಿದೆ ಎಂದು ಗೊತ್ತಾಗಿದ್ದು ಕಟ್ಟಡ ಎದ್ದು ನಿಂತ ಮೇಲೆ. ನಿಮಗೆ ಕಟ್ಟುವ ಮೊದಲೇ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ಧಾರವಾಡವನ್ನೇ ತೆಗೆದುಕೊಂಡಿದ್ದೇನೆ, ನನಗೆ ಗೊತ್ತಿರುವ ಊರು ಇದೇ. ಕೊಣಾಜೆ, ಶಂಕರಘಟ್ಟದಂಥ ಬೇರೆ ಯೂನಿವರ್ಸಿಟಿ ಊರುಗಳಲ್ಲಿ ಕಟ್ಟುವವರು ಊರಿನ ಹೆಸರು, ಮಣ್ಣು, ಮಳೆ ಬದಲಿಸಿಕೊಂಡು ಓದಿಕೊಳ್ಳಿ.

1. ಯಾರಿಗಾಗಿ ಕಟ್ಟುತ್ತೀರಿ?

'ಸ್ಟೂಡೆಂಟ್ಸ್‌ಗೆ' ಎನ್ನುವುದು ಉತ್ತರವಲ್ಲ. ಧಾರವಾಡದಲ್ಲಿ ಓದುವವರೆಲ್ಲ ಒಂದೇ ಥರದವರಲ್ಲ.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಶುರುವಾಯಿತು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಕ್ಯಾಂಪಸ್ಸಿನಲ್ಲಿ ಎಂಎ, ಎಂಎಸ್ಸಿ ಓದುವವರಿಗೆ ಒಳಗೇ ಹಾಸ್ಟೆಲ್ಲುಗಳಿವೆ. ಅಲ್ಲಿ ಸೀಟು ಸಿಗದವರು, ಒಳಗಿನ ಶಿಸ್ತು ಬೇಡ ಎನ್ನುವವರು ಹೊರಗೆ ರೂಮು ಹುಡುಕುತ್ತಾರೆ. ಪರೀಕ್ಷೆ ಮುಗಿದ ಮರುದಿನ ಗಂಟುಮೂಟೆ ಕಟ್ಟುತ್ತಾರೆ.

ಒಂದು ಯೂನಿವರ್ಸಿಟಿ ಎಂದೆಂದಿಗೂ ಅಷ್ಟೇ ದೊಡ್ಡದಾಗಿರುತ್ತದೆ ಎಂದೂ ನಂಬಬೇಡಿ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದಾಗ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳು ಧಾರವಾಡದ ಕೈಬಿಟ್ಟು ಹೋದವು. ಆಮೇಲೆ ಹಾವೇರಿಗೂ ಬೇರೆ ವಿಶ್ವವಿದ್ಯಾಲಯ ಬಂತು. ವಿಧಾನಸೌಧದಲ್ಲಿ ಬೀಳುವ ಒಂದು ಸಹಿಯಿಂದ ನಿಮ್ಮ ಮೂರನೇ ಮಹಡಿ ಖಾಲಿಯಾಗಬಹುದು.

ಐಐಟಿ ಬಂತು ಎಂದು ಚಿಕ್ಕಮಲ್ಲಿಗವಾಡದ ಕಡೆ ಪ್ಲಾಟ್ ತೆಗೆದುಕೊಳ್ಳಲು ಓಡಿದವರೂ ಇದ್ದಾರೆ. ಐಐಟಿ ಹುಡುಗರು ಕ್ಯಾಂಪಸ್ ಒಳಗೇ ಇರುತ್ತಾರೆ. ಅವರಿಗೆ ನಿಮ್ಮ ರೂಮು ಬೇಡ.

ಇನ್ನೊಂದು ಗುಂಪಿದೆ. ಧಾರವಾಡದ ಸಪ್ತಾಪುರ ಬಡಾವಣೆಯಲ್ಲಿ ಬೆಳಿಗ್ಗೆ ಏಳಕ್ಕೆ ನಿಂತು ನೋಡಿ. ಬಗಲಲ್ಲಿ ಪುಸ್ತಕ, ಕೈಯಲ್ಲಿ ನೀರಿನ ಬಾಟಲಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎಯಂಥ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವವರು. ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು, ಎಲ್ಲ ಕಡೆಯಿಂದ ಬಂದಿರುತ್ತಾರೆ. ಇವರಿಗೆ ಸೆಮಿಸ್ಟರ್ ಇಲ್ಲ, ಬೇಸಿಗೆ ರಜೆ ಇಲ್ಲ. ನೇಮಕಾತಿ ಆಗುವವರೆಗೆ, ಕೆಲವರು ಮೂರು-ನಾಲ್ಕು ವರ್ಷ, ಇಲ್ಲೇ ಇರುತ್ತಾರೆ. ಬಾಡಿಗೆಯಲ್ಲಿ ನೂರು ರೂಪಾಯಿಗೂ ಚೌಕಾಸಿ ಮಾಡುತ್ತಾರೆ, ಆದರೆ ಹನ್ನೆರಡು ತಿಂಗಳೂ ಕೊಡುತ್ತಾರೆ. ನನ್ನ ಕೇಳಿದರೆ ಮೊದಲ ಕಟ್ಟಡವನ್ನು ಇವರಿಗಾಗಿ ಕಟ್ಟಿ. ಯೂನಿವರ್ಸಿಟಿಯವರು ಬಂದರೆ ಲಾಭಕ್ಕೆ ಲಾಭ.

2. ಒಂದೇ ಬಡಾವಣೆ, ಎರಡು ಸಲ ಸುತ್ತಾಟ

ಅಡ್ಮಿಷನ್ ಸಮಯದಲ್ಲಿ ಒಮ್ಮೆ, ರಜೆಯಲ್ಲಿ ಒಮ್ಮೆ ಅದೇ ಓಣಿಗಳಲ್ಲಿ ನಡೆಯಿರಿ. 'ರೂಮು ಬಾಡಿಗೆಗೆ ಇದೆ' ಬೋರ್ಡು ಎಷ್ಟು ಎಂದು ಎಣಿಸಿ. ಅಡ್ಮಿಷನ್ ಸಮಯದಲ್ಲಿ ಮಾತ್ರ ನೋಡಿದರೆ ಎಲ್ಲವೂ ಭರ್ತಿಯಾಗಿರುತ್ತದೆ, ನೀವು ಮೋಸ ಹೋಗುತ್ತೀರಿ.

ಬ್ರೋಕರ್‌ಗಿಂತ ಖಾನಾವಳಿಯವರನ್ನು ಕೇಳಿ. ತಿಂಗಳಿಗೆ ಎಷ್ಟು ಊಟದ ಕಾರ್ಡು, ರಜೆಯಲ್ಲಿ ಎಷ್ಟಕ್ಕೆ ಇಳಿಯುತ್ತದೆ ಎಂದು ಅವರಿಗೆ ಬಾಯಿಪಾಠ. ನಾನು ನೋಡಿದ್ದ ಒಂದು ಪ್ಲಾಟಿನ ಬಗ್ಗೆ ಖಾನಾವಳಿಯ ಅಕ್ಕಾರು ರೊಟ್ಟಿ ಬಡಿಯುತ್ತಲೇ ಹೇಳಿದ್ದರು: "ಆ ಕಡೆ ಬ್ಯಾಡ್ರೀ ಅಣ್ಣಾರ. ನಳದ ನೀರು ಸರಿ ಬರೂದಿಲ್ಲ. ಹುಡುಗ್ರು ಆರು ತಿಂಗಳ ನಿಂತು ಈ ಕಡೆ ಬರ್ತಾರ." ಯಾವ ಕನ್ಸಲ್ಟೆಂಟೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಝೆರಾಕ್ಸ್ ಅಂಗಡಿ, ಹಾಲಿನ ಬೂತು, ಓದುವ ಲೈಬ್ರರಿ ನಡೆಸುವವರು, ಇವರನ್ನೂ ಮಾತಾಡಿಸಿ. ಇರುವ ಹುಡುಗರನ್ನು 'ಬಾಡಿಗೆ ಎಷ್ಟು' ಎಂದು ಕೇಳುವುದಕ್ಕಿಂತ 'ಹಿಂದಿನ ರೂಮು ಯಾಕೆ ಬಿಟ್ಟಿರಿ' ಎಂದು ಕೇಳಿ. ನಾನು ಕೇಳಿದವರಲ್ಲಿ ಹೆಚ್ಚಿನವರು ಹೇಳಿದ್ದು ಮೂರೇ ಕಾರಣ: ನೀರು, ಶೌಚಾಲಯ, ಗದ್ದಲ.

3. ಕಾಗದಪತ್ರ: ಇಲ್ಲಿ ಅವಸರ ಬೇಡವೇ ಬೇಡ

ಜಾಗ ನಿಮ್ಮದೇ ಆಗಿದ್ದರೂ ಈ ಭಾಗ ಬಿಡಬೇಡಿ. ಅಜ್ಜನ ಹೆಸರಲ್ಲೇ ಉಳಿದ ಪ್ಲಾಟಿನ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ.

ಹಳೆ ಊರಿನೊಳಗಿನ ಜಾಗವಾದರೆ ಸಿಟಿ ಸರ್ವೆ ನಂಬರು, ಪ್ರಾಪರ್ಟಿ ಕಾರ್ಡು ನೋಡಿ. ಹೊಲ ಒಡೆದು ಮಾಡಿದ ಬಡಾವಣೆಯಾದರೆ ಉತಾರ (ಪಹಣಿ), ಎನ್‌ಎ ಆದೇಶ (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ), ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ ಮಂಜೂರು ಮಾಡಿದ ಲೇಔಟ್ ನಕ್ಷೆ, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ನಕ್ಷೆಯಲ್ಲಿ ಉದ್ಯಾನ ಎಂದಿದ್ದ ಜಾಗ ಆಮೇಲೆ ಪ್ಲಾಟಾಗಿ ಮಾರಾಟವಾದ ಕಥೆಗಳು ಎಲ್ಲ ಊರಲ್ಲೂ ಇವೆ. ಎನ್‌ಎ ಆಗಿದ್ದರೂ ಯಾವ ಬಳಕೆಗೆ ಆಗಿದೆ ಎಂದು ಓದಿ. ಇ-ಖಾತಾ, ಅಂದರೆ ಆಸ್ತಿ ಖಾತೆಯ ಡಿಜಿಟಲ್ ದಾಖಲೆ, ಕಡ್ಡಾಯ. ಬಿ-ಖಾತಾ ಎಂದರೆ ತೆರಿಗೆ ಕಟ್ಟಿಸಿಕೊಳ್ಳಲು ಕೊಟ್ಟಿದ್ದು, ಅದನ್ನು ನಂಬಿ ಕಟ್ಟಡದ ಕನಸು ಕಾಣಬೇಡಿ.

ಜಾಗದ ಮೇಲಿನ ಮಾರಾಟ, ಸಾಲಗಳನ್ನು ತೋರಿಸುವ ಋಣಭಾರ ಪತ್ರ, ಅಂದರೆ ಇಸಿ, ಕನಿಷ್ಠ 30 ವರ್ಷದ್ದು ತೆಗೆಸಿ. ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನ್ ಸಿಗುತ್ತದೆ. ಹಳೆಯದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ರಿಜಿಸ್ಟರು ತಿರುವಿಸಬೇಕು.

ವಕೀಲರಿಂದ ಮೂರು ವಿಷಯ ಪ್ರತ್ಯೇಕವಾಗಿ, ಬರಹದಲ್ಲಿ ಕೇಳಿ. ಒಂದು, ಇದು ಎಂದಾದರೂ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನೇ? 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. 2023ರ ತಿದ್ದುಪಡಿಯ ನಂತರ ಜಮೀನು ವಾಪಸ್ ಕೇಳಿ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಎರಡು, ಹಿಂದೆ ಇನಾಂ ಅಥವಾ ವತನ ಜಮೀನಾಗಿತ್ತೇ, ಹೊಸ ಶರ್ತು (ಮಾರಲು ಸರ್ಕಾರದ ಅನುಮತಿ ಬೇಕೆಂಬ ಷರತ್ತು) ಏನಾದರೂ ಇದೆಯೇ? ಮೂರು, ವಾಟ್ನಿ ಪತ್ರದಲ್ಲಿ (ಆಸ್ತಿ ಪಾಲು ಮಾಡಿಕೊಂಡ ಪತ್ರ) ಮನೆಯ ಹೆಣ್ಣುಮಕ್ಕಳ ಸಹಿ ಇದೆಯೇ? 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೆ ಗಂಡುಮಕ್ಕಳಷ್ಟೇ ಪಾಲು. ಅಪ್ಪ ಆಗಲೇ ತೀರಿಕೊಂಡಿದ್ದರೂ ಈ ಹಕ್ಕು ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 'ತಂಗಿ ಏನೂ ಕೇಳೋದಿಲ್ಲ ಬಿಡ್ರೀ' ಎಂದು ಮಾರುವವರು ಹೇಳಿದರೆ, ಹಾಗಾದರೆ ಸಹಿ ಹಾಕಲಿ ಎನ್ನಿ. ಎರಡೂ ಕಡೆಯವರಿಗೆ ಒಳ್ಳೆಯದು.

ಸಂಚಕಾರವನ್ನು, ಅಂದರೆ ಮುಂಗಡವನ್ನು, ನಗದಾಗಿ ಕೊಡಬೇಡಿ. ಆಸ್ತಿ ವ್ಯವಹಾರಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಮಾರುವವರಿಗೆ ಕೊಡುವ ಹಣದಲ್ಲಿ 1% ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನೋಂದಣಿ ಖರ್ಚನ್ನೂ ಈಗಲೇ ಬರೆದಿಟ್ಟುಕೊಳ್ಳಿ. 45 ಲಕ್ಷಕ್ಕಿಂತ ಹೆಚ್ಚಿನ ಆಸ್ತಿಗೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಊರೊಳಗೆ ಎಲ್ಲ ಸೇರಿ 7.6% ಆಗುತ್ತದೆ. ಸಣ್ಣ ಮೊತ್ತವಲ್ಲ, ಅಲ್ವಾ?

4. ಮಾರಲಿಕ್ಕೋ, ಬಾಡಿಗೆಗೋ

ಫ್ಲ್ಯಾಟ್ ಕಟ್ಟಿ ಮಾರುವ ಆಸೆ ಇದ್ದರೆ, ಜಾಗ 500 ಚದರ ಮೀಟರಿಗಿಂತ, ಫ್ಲ್ಯಾಟು ಎಂಟಕ್ಕಿಂತ ಜಾಸ್ತಿ ಇದ್ದರೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕಾಗುತ್ತದೆ. ಗಿರಾಕಿಗಳಿಂದ ಬಂದ ಹಣದಲ್ಲಿ 70% ಬೇರೆ ಖಾತೆಯಲ್ಲಿಟ್ಟು, ಅದೇ ಕಟ್ಟಡಕ್ಕೆ ಮಾತ್ರ ಬಳಸಬೇಕು. ಮೊದಲ ಸಲಕ್ಕೆ ಇದು ಭಾರ. ಬಾಡಿಗೆಗೆ ಮಾತ್ರ ಕಟ್ಟಿದರೆ ರೇರಾ ಬರುವುದಿಲ್ಲ. ಮುಂದೆ ಬರೆದದ್ದೆಲ್ಲ ಬಾಡಿಗೆ ಕಟ್ಟಡದ ಬಗ್ಗೆಯೇ.

5. ಲೆಕ್ಕ, ಖಾಲಿ ತಿಂಗಳಿಂದ ಶುರು

ಕೆಳಗಿನ ದರಗಳು ಲೆಕ್ಕ ತೋರಿಸಲು ನಾನು ಹಿಡಿದವು. ನಿಮ್ಮ ಓಣಿಯ ದರ ಹಾಕಿಕೊಂಡು ಮತ್ತೆ ಮಾಡಿ.

40ಕ್ಕೆ 60 ಅಡಿ ಪ್ಲಾಟು, ಅಂದರೆ 2,400 ಚದರಡಿ. ಎರಡು ಗುಂಟೆಗಿಂತ ತುಸು ಜಾಸ್ತಿ, ಯಾಕೆಂದರೆ ಗುಂಟೆಗೆ 1,089 ಚದರಡಿ. ಸುತ್ತ ಬಿಡಬೇಕಾದ ಜಾಗ ಬಿಟ್ಟು ಮಹಡಿಗೆ 1,400 ಚದರಡಿ ಸಿಕ್ಕಿತು ಎನ್ನಿ. ಕೆಳಗೆ ಪಾರ್ಕಿಂಗು, ಮೇಲೆ ಮೂರು ಮಹಡಿ. ಮಹಡಿಗೆ ಐದು ರೂಮು, ಒಟ್ಟು 15 ರೂಮು, 30 ಮಂಚ.

ಮೇಲಿನ 4,200 ಚದರಡಿಗೆ 2,200 ರೂಪಾಯಿಯಂತೆ 92.4 ಲಕ್ಷ. ಪಾರ್ಕಿಂಗಿಗೆ ಸಾವಿರದಂತೆ 14 ಲಕ್ಷ. ಮಂಚ, ಮೇಜು, ಕಪಾಟಿಗೆ 6 ಲಕ್ಷ. ಬೋರು, ಮೀಟರು, ಪರವಾನಗಿ, ಕಟ್ಟಡ ಕಾರ್ಮಿಕರ 1% ಸೆಸ್ಸು ಎಂದು 8 ಲಕ್ಷ. ಒಟ್ಟು 1 ಕೋಟಿ 20 ಲಕ್ಷ. ಕೈಮೀರಿದರೆ ಎಂದು ಇನ್ನೂ 10% ಸೇರಿಸಿ, 1 ಕೋಟಿ 32 ಲಕ್ಷ. ಅದು ಕೈಮೀರಿಯೇ ಮೀರುತ್ತದೆ.

ಈಗ ನಿದ್ದೆಗೆಡಿಸುವ ಲೆಕ್ಕ: 30 ಮಂಚ, ತಲೆಗೆ 4,500 ರೂಪಾಯಿ, ಗುಣಿಸು ಹನ್ನೆರಡು. 16.2 ಲಕ್ಷ!

ನಿಜದ ಲೆಕ್ಕ: ಬರೀ ಯೂನಿವರ್ಸಿಟಿ ಹುಡುಗರನ್ನು ನಂಬಿದರೆ ಸರಾಸರಿ 24 ಮಂಚ, 10 ತಿಂಗಳು. 10.8 ಲಕ್ಷ. ಕಾವಲುಗಾರ, ಕರೆಂಟು, ಟ್ಯಾಂಕರು, ಸುಣ್ಣಬಣ್ಣ, ರಿಪೇರಿ, ತೆರಿಗೆಗೆ 30% ಕಳೆಯಿರಿ. ಕೈಯಲ್ಲಿ ಉಳಿಯುವುದು 7.5 ಲಕ್ಷ. ಹಾಕಿದ ಹಣಕ್ಕೆ ವರ್ಷಕ್ಕೆ 5.7% ಬಂದಂತಾಯಿತು. ಜಾಗದ ಬೆಲೆ ಇದರಲ್ಲಿ ಹಿಡಿದೇ ಇಲ್ಲ.

80 ಲಕ್ಷ ಸಾಲ ಮಾಡಿದ್ದರೆ? 15 ವರ್ಷಕ್ಕೆ, 9.5% ಬಡ್ಡಿಗೆ, ತಿಂಗಳ ಕಂತು ಸುಮಾರು 83,500. ವರ್ಷಕ್ಕೆ 10 ಲಕ್ಷ. ಬರುವುದು ಏಳೂವರೆ, ಕಟ್ಟುವುದು ಹತ್ತು. ಉಳಿದದ್ದು ನಿಮ್ಮ ಸಂಬಳದಿಂದ ಹೋಗುತ್ತದೆ. ಸಾಲ 50 ಲಕ್ಷಕ್ಕೆ ಇಳಿಸಿದರೆ ಕಂತು ವರ್ಷಕ್ಕೆ 6.25 ಲಕ್ಷ, ಉಸಿರಾಡಬಹುದು.

ಅದೇ ಕಟ್ಟಡದಲ್ಲಿ ಪರೀಕ್ಷೆಗೆ ಓದುವವರು 27 ಮಂಚದಲ್ಲಿ ವರ್ಷವಿಡೀ ಇದ್ದರೆ 14.6 ಲಕ್ಷ ಬರುತ್ತದೆ. ಖರ್ಚು ಕಳೆದು 10.2 ಲಕ್ಷ. ಗೋಡೆ ಅವೇ, ಕಬ್ಬಿಣ ಅದೇ. ಯಾರು ಇರುತ್ತಾರೆ ಎಂಬುದಷ್ಟೇ ಬೇರೆ. ಯಾರಿಗಾಗಿ ಕಟ್ಟುತ್ತೀರಿ ಎಂಬುದನ್ನು ಮೊದಲೇ ಅಷ್ಟು ವಿವರವಾಗಿ ಬರೆದದ್ದು ಇದಕ್ಕೇ.

ಹೀಗಾಗಿ ಜಾಗವನ್ನೂ ಸಾಲ ಮಾಡಿ ಕೊಂಡು, ಕಟ್ಟಡಕ್ಕೂ ಸಾಲ ಮಾಡುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಸ್ವಂತ ಜಾಗ ಇದ್ದರೆ ಮುಂದೆ ಓದಿ. ಇಲ್ಲದಿದ್ದರೆ ಜಾಗ ಇರುವ ನಂಟರ ಜೊತೆ ಪಾಲುದಾರಿಕೆ ನೋಡಿ, ಬರಹದ ಕರಾರಿನೊಂದಿಗೆ. ನಂಟರಾದರೆ ಕರಾರು ಇನ್ನೂ ಗಟ್ಟಿಯಾಗಿರಲಿ.

ಜಿಎಸ್‌ಟಿ ಬಗ್ಗೆ ಒಂದು ಮಾತು. ತಲೆಗೆ ತಿಂಗಳಿಗೆ 20,000 ರೂಪಾಯಿ ಒಳಗಿದ್ದು, ಕನಿಷ್ಠ 90 ದಿನ ಸತತವಾಗಿ ಉಳಿದರೆ ಹಾಸ್ಟೆಲ್, ಪಿಜಿ ವಸತಿಗೆ ತೆರಿಗೆ ಇಲ್ಲ. 2024ರಲ್ಲಿ ಬಂದ ವಿನಾಯಿತಿ ಇದು. ವಾರಕ್ಕೆ, ಹದಿನೈದು ದಿನಕ್ಕೆ ರೂಮು ಕೊಟ್ಟರೆ ಇದು ತಪ್ಪುತ್ತದೆ.

6. ನಕ್ಷೆ: ಮೊದಲು ನೀರು, ಆಮೇಲೆ ರೂಮು

ನನ್ನ ಮೊದಲ ಕಟ್ಟಡದಲ್ಲಿ 6,000 ಲೀಟರಿನ ಸಂಪು ಮಾಡಿಸಿದ್ದೆ. ಮನೆಗೆ ಸಾಕಾಗುತ್ತದೆ, ಇಲ್ಲಿಗೂ ಸಾಕು ಅಂದುಕೊಂಡೆ. ಮೊದಲ ಬೇಸಿಗೆಯಲ್ಲೇ ಬೋರು ಕೈಕೊಟ್ಟಿತು. ದಿನ ಬಿಟ್ಟು ದಿನ ಟ್ಯಾಂಕರು. ಆ ಎರಡು ತಿಂಗಳ ಬಾಡಿಗೆಯನ್ನು ಟ್ಯಾಂಕರಿನವರೇ ತೆಗೆದುಕೊಂಡು ಹೋದಂತಾಯಿತು. ಆಮೇಲೆ ಸಂಪು ದೊಡ್ಡದು ಮಾಡಲು ಪಾರ್ಕಿಂಗಿನ ನೆಲ ಒಡೆಸಬೇಕಾಯಿತು.

ಲೆಕ್ಕ ಸರಳ. ಬೆಂಗಳೂರಿನ ಪಾಲಿಕೆ 2024ರಲ್ಲಿ ಪಿಜಿಗಳಿಗೆ ಮಾಡಿದ ನಿಯಮದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು, 70 ಚದರಡಿ ಜಾಗ ಎಂದಿದೆ. ಧಾರವಾಡಕ್ಕೆ ಅದು ಅನ್ವಯ ಆಗದಿದ್ದರೂ ಅಳತೆಗೋಲಾಗಿ ಇಟ್ಟುಕೊಳ್ಳಿ. 30 ಜನಕ್ಕೆ ದಿನಕ್ಕೆ 4,050 ಲೀಟರ್. ನಳ ಐದು ದಿನ ಬರದಿದ್ದರೂ ನಡೆಯಬೇಕು ಎಂದರೆ 20,000 ಲೀಟರಿನ ಸಂಪು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಏಳಡಿ ಆಳ. ಇದರ ಜಾಗ ಗುರುತು ಮಾಡಿದ ಮೇಲೆ ಉಳಿದ ನಕ್ಷೆ ಬರೆಸಿ. ಮಳೆನೀರಿನ ಕೊಳವೆಯನ್ನೂ ಆಗಲೇ ತೋರಿಸಿ.

ಇಬ್ಬರ ರೂಮು 140 ಚದರಡಿಗಿಂತ ಚಿಕ್ಕದಾಗಬಾರದು, ಶೌಚಾಲಯ ಬಿಟ್ಟು. ಮೂರನೇ ಮಂಚ ತುರುಕುವ ಆಸೆ ಬರುತ್ತದೆ. ತುರುಕಿದರೆ ಓದುವ ಹುಡುಗ ಹೋಗುತ್ತಾನೆ, ಗದ್ದಲದವರು ಉಳಿಯುತ್ತಾರೆ. ಪ್ರತಿ ರೂಮಿಗೂ ಕಿಟಕಿ ಇರಲಿ, ಅದು ಓಣಿಗೆ ಅಥವಾ ಬಯಲಿಗೆ ತೆರೆಯಲಿ. ಒಬ್ಬೊಬ್ಬರಿಗೂ ಬೇರೆ ಮೇಜು, ಬೇರೆ ಪ್ಲಗ್ಗು, ತಲೆಯ ಹತ್ತಿರ ಬೇರೆ ದೀಪ. ಒಬ್ಬ ಎರಡು ಗಂಟೆವರೆಗೆ ಓದುತ್ತಾನೆ, ಇನ್ನೊಬ್ಬ ನಾಲ್ಕಕ್ಕೆ ಏಳುತ್ತಾನೆ, ಜಗಳ ಶುರುವಾಗುವುದೇ ಟ್ಯೂಬ್‌ಲೈಟಿನಿಂದ. ರೂಮಿಗೊಂದು ಸಬ್‌ಮೀಟರ್ ಹಾಕಿಸಿ.

ಮೆಸ್ಸು ಬೇಡ ಎಂಬುದು ನನ್ನ ಅಭಿಪ್ರಾಯ. ಅಡುಗೆಯವರು ಒಂದು ದಿನ ಬರದಿದ್ದರೆ ನೀವೇ ಅನ್ನ ಬೇಯಿಸಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯೂ ಬೇಕು. ಪಕ್ಕದ ಖಾನಾವಳಿಯ ಜೊತೆ ಮಾತಾಡಿಕೊಳ್ಳಿ. ಅದರ ಬದಲು ಒಂದು ಓದುವ ಕೋಣೆ ಮಾಡಿ. ಸಪ್ತಾಪುರದಲ್ಲಿ ಹುಡುಗರು ತಿಂಗಳಿಗೆ ದುಡ್ಡು ಕೊಟ್ಟು ಲೈಬ್ರರಿಯಲ್ಲಿ ಕುರ್ಚಿ ಹಿಡಿಯುತ್ತಾರೆ. ನಿಮ್ಮಲ್ಲೇ ಅದು ಸಿಕ್ಕರೆ ಬೇರೆ ಕಡೆ ಯಾಕೆ ಹೋಗುತ್ತಾರೆ?

ಹೆಣ್ಣುಮಕ್ಕಳಿಗೆ ಕಟ್ಟುವುದಾದರೆ ಓಣಿಯ ಬೀದಿದೀಪ, ಬಸ್ ಸ್ಟಾಪಿನಿಂದ ಬರುವ ದಾರಿ, ಒಳಗೇ ಉಳಿಯುವ ವಾರ್ಡನ್‌ಗೆ ಒಂದು ರೂಮು, ಇವುಗಳಿಂದ ಶುರುಮಾಡಿ.

7. ಪರವಾನಗಿ

ಎಷ್ಟು ಮಹಡಿ, ಸುತ್ತ ಎಷ್ಟು ಬಿಡಬೇಕು ಎಂಬುದು ಪ್ಲಾಟಿನ ಅಳತೆ, ಮುಂದಿನ ರಸ್ತೆಯ ಅಗಲದ ಮೇಲೆ ನಿಂತಿದೆ. ಪಕ್ಕದವರು ನಾಲ್ಕು ಮಹಡಿ ಏರಿಸಿದ್ದಾರೆ ಎಂಬುದು ಕಾನೂನಲ್ಲ. ಪಾಲಿಕೆಗೆ ಅರ್ಜಿ ಹಾಕುವಾಗ 'ವಾಸದ ಮನೆ' ಎಂದು ಬರೆಸಿ ಹಾಸ್ಟೆಲ್ ನಡೆಸುವ ಅಡ್ಡದಾರಿಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಮುಂದೆ ಹೆಸ್ಕಾಂನ ಕರೆಂಟು ದರ, ಆಸ್ತಿ ತೆರಿಗೆ, ಬ್ಯಾಂಕಿನ ಸಾಲ, ಎಲ್ಲದರಲ್ಲೂ ಅದು ತಿರುಗಿ ಬರುತ್ತದೆ.

ಮಂಜೂರಾದ ನಕ್ಷೆ ಮೀರಿ ಕಟ್ಟಬೇಡಿ. ಕಟ್ಟಡ ಮುಗಿದ ಮೇಲಿನ ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ತೋರಿಸದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ರೂಮು ಜಾಸ್ತಿ ಮಾಡಲು ಹೋಗಿ ಹದಿನೈದೂ ರೂಮು ಕತ್ತಲಲ್ಲಿ ಕೂರಬಾರದು.

8. ಕಟ್ಟುವಾಗ

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಊರು ಅದನ್ನು ಮರೆತಿಲ್ಲ, ಮರೆಯಲೂ ಬಾರದು. ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಕೊಡುವ ದುಡ್ಡಿನಲ್ಲಿ ಉಳಿತಾಯ ಮಾಡಲು ಹೊರಡುವ ಮುಂಚೆ ಆ ದಿನ ನೆನಪಿಸಿಕೊಳ್ಳಿ.

ಧಾರವಾಡದ ಪಶ್ಚಿಮಕ್ಕೆ ಕೆಂಪು ಮಸಾರಿ, ಪೂರ್ವಕ್ಕೆ ಹೋದಂತೆ ಕಪ್ಪು ಎರೆ ಮಣ್ಣು. ಎರೆ ನೆಲ ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಪಕ್ಕದ ಪ್ಲಾಟಿನಲ್ಲಿ ನಾಲ್ಕಡಿಗೆ ಗಟ್ಟಿ ಗರಸು ಸಿಕ್ಕಿತು ಎಂದು ನಿಮ್ಮಲ್ಲೂ ಸಿಗಬೇಕೆಂದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ವರದಿ ಇಂಜಿನಿಯರ್ ಕೈಗೆ ಕೊಟ್ಟ ಮೇಲೆ ಬುನಾದಿ ಎಷ್ಟು ಆಳ ಎಂದು ಕೇಳಿ. ಗವಂಡಿಯ (ಮೇಸ್ತ್ರಿಯ) ಅನುಭವ ದೊಡ್ಡದು, ಒಪ್ಪೋಣ. ಆದರೆ ಅವನಿಗೆ ಕಾಣುವುದು ಮೇಲಿನ ಮಣ್ಣು ಮಾತ್ರ.

ದೀಪಾವಳಿ ಮುಗಿಯುತ್ತಲೇ ಬುನಾದಿ ತೋಡಿ. ಮುಂಗಾರಿಗೆ ಮುಂಚೆ ಕೊನೆಯ ಸ್ಲ್ಯಾಬ್ ಬಿದ್ದಿದ್ದರೆ ಮಳೆಗಾಲದಲ್ಲಿ ಒಳಗಿನ ಗಿಲಾವು (ಪ್ಲಾಸ್ಟರು), ವೈರಿಂಗು ಮಾಡಬಹುದು. ಪ್ರತಿ ಸ್ಲ್ಯಾಬಿಗೂ ಅದೇ ಕಾಂಕ್ರೀಟನ್ನು ಕ್ಯೂಬಿನ ಅಚ್ಚಿಗೆ ತುಂಬಿಸಿ 7ನೇ ದಿನ, 28ನೇ ದಿನ ಅದರ ಗಟ್ಟಿತನದ ಪರೀಕ್ಷೆ ಮಾಡಿಸಿ. ನೀರುಣಿಸುವುದು ತಪ್ಪಬಾರದು. ಆಧಾರದ ಕಂಬಗಳನ್ನು ಇಂಜಿನಿಯರ್ ಹೇಳುವ ಮುಂಚೆ ಯಾರೂ ಬಿಚ್ಚಬಾರದು. ನಡುವೆ 'ಇನ್ನೊಂದು ಮಹಡಿ ಏರಿಸಿಬಿಡೋಣ' ಎಂದು ಯಾರಾದರೂ ಎಂದರೆ ಚಹಾ ಕುಡಿಸಿ ಕಳಿಸಿ.

ಗುತ್ತಿಗೆದಾರರಿಗೆ ಕೆಲಸ ಆದಂತೆ ದುಡ್ಡು: ಬುನಾದಿಗೆ ಇಷ್ಟು, ಮೊದಲ ಸ್ಲ್ಯಾಬಿಗೆ ಇಷ್ಟು. ಕೊನೆಯ 5% ಒಂದು ಮಳೆಗಾಲ ಕಳೆದು, ಸೋರುವುದಿಲ್ಲ ಎಂದು ನೋಡಿದ ಮೇಲೆ. ಇದನ್ನು ಕರಾರಿನಲ್ಲೇ ಬರೆಸಿ.

9. ಕೀಲಿ ಕೊಡುವಾಗ

ಅಡ್ಮಿಷನ್ ಶುರುವಾಗುವ ಒಂದು ತಿಂಗಳು ಮೊದಲು ಎರಡು ರೂಮು ಪೂರ್ತಿ ಸಜ್ಜು ಮಾಡಿ ತೋರಿಸಲು ಇಡಿ. ಮೊದಲು ಬಂದ ನಾಲ್ಕೈದು ಜನರನ್ನು ನೋಡಿ ಆರಿಸಿ, ಅವರೇ ಉಳಿದವರನ್ನು ಕರೆತರುತ್ತಾರೆ. ಆಧಾರ್ ಪ್ರತಿ, ಮನೆಯವರ ನಂಬರು, 11 ತಿಂಗಳ ಕರಾರು, ಠಾಣೆಗೆ ಮಾಹಿತಿ, ಇಷ್ಟು ಮುಗಿಸದೆ ಮಂಚ ಕೊಡಬೇಡಿ. ಡಿಪಾಸಿಟ್ ಯಾವುದಕ್ಕೆ ಹಿಡಿಯುತ್ತೀರಿ, ಯಾವುದಕ್ಕೆ ಹಿಡಿಯುವುದಿಲ್ಲ ಎಂದು ಬರೆದುಕೊಡಿ. ಆ ದುಡ್ಡನ್ನು ಬೇರೆ ಖಾತೆಯಲ್ಲಿಡಿ. ಗಿಲಾವು ಬಾಕಿ ಇದೆ ಎಂದು ಅದಕ್ಕೆ ಕೈಹಾಕಿದರೆ ಹುಡುಗ ಬಿಡುವ ದಿನ ಮುಖ ತಪ್ಪಿಸಿಕೊಂಡು ಓಡಾಡಬೇಕಾಗುತ್ತದೆ.

ನಮ್ಮಲ್ಲಿ ಈಗ ಎರಡನೇ ಮಹಡಿ ಪೂರ್ತಿ ಪಿಎಸ್‌ಐ ಪರೀಕ್ಷೆಗೆ ಓದುವವರು. ಮೇ ತಿಂಗಳಲ್ಲೂ ಅಲ್ಲಿ ದೀಪ ಉರಿಯುತ್ತಿರುತ್ತದೆ. ಮೊದಲ ಮಹಡಿಯ ಹುಡುಗರು ರಜೆಗೆ ಊರಿಗೆ ಹೋದಾಗ ಸುಣ್ಣ ಹೊಡೆಸುತ್ತೇನೆ, ನಲ್ಲಿಯ ವಾಷರ್ ಬದಲಿಸುತ್ತೇನೆ, ಸಂಪು ತೊಳೆಸುತ್ತೇನೆ.